ಫೋಟೋ ಬೇಡ, ಸ್ಕ್ರೀನ್‌ಶಾಟ್ ಕಳ್ಸು

ನಮ್ಮ ಆಫೀಸಿನಲ್ಲಿ ಒಂದು ಹಳೇ ಜೋಕಿದೆ. ಯಾರಾದರೂ ಕಂಪ್ಯೂಟರ್ ಸ್ಕ್ರೀನನ್ನು ಮೊಬೈಲಿನಲ್ಲಿ ಫೋಟೋ ಹೊಡೆದು 'ಈ ಎರರ್ ಬರ್ತಿದೆ, ಏನು ಮಾಡ್ಲಿ' ಅಂತ ಕಳಿಸಿದರೆ, ಗ್ರೂಪಿನಲ್ಲಿ ಒಬ್ಬರಲ್ಲ ಒಬ್ಬರು 'ಫ್ರೇಮ್ ಹಾಕ್ಸಿ ಗೋಡೆಗೆ ನೇತು ಹಾಕೋಣ' ಅಂತಾರೆ. ಉಳಿದವರು ನಗುವ ಎಮೋಜಿ ಒತ್ತುತ್ತಾರೆ. ಫೋಟೋ ಓರೆಯಾಗಿರುತ್ತದೆ. ಸ್ಕ್ರೀನಿನ ಮೇಲೆ ಅಲೆಅಲೆಯಾಗಿ ಪಟ್ಟೆ ಮೂಡಿರುತ್ತದೆ. ಟ್ಯೂಬ್‌ಲೈಟಿನ ಬೆಳಕು ಸರಿಯಾಗಿ ಎರರ್ ಮೆಸೇಜಿನ ಮೇಲೇ ಬಿದ್ದಿರುತ್ತದೆ. ಮೂಲೆಯಲ್ಲಿ ಅರ್ಧ ಕುಡಿದ ಕಾಫಿ ಕಪ್ಪು ಬೇರೆ. ನಾನೂ ನಕ್ಕವನೇ. ಸ್ಕ್ರೀನ್‌ಶಾಟ್ ತೆಗೆಯೋದು ಬರದವರು ಸಹಾಯ ಕೇಳೋಕೆ ಯಾಕೆ ಬರ್ತಾರೆ ಅನ್ನುವಷ್ಟು ಜಂಭ ನನಗೂ ಇತ್ತು. ಅದು ಇಳಿದದ್ದು ನಮ್ಮಕ್ಕನ ಒಂದು ಫೋಟೋದಿಂದ.

ಅಕ್ಕ ನಮ್ಮೂರ ಹೋಬಳಿಯಲ್ಲಿ, ನಾಡಕಚೇರಿ ಎದುರಿಗೆ, ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟಿದ್ದಾಳೆ. ಒಂದು ಹಳೇ ಡೆಸ್ಕ್‌ಟಾಪು, ಒಂದು ಪ್ರಿಂಟರು, ಒಂದು ಲ್ಯಾಮಿನೇಷನ್ ಮಷೀನು. ಪರೀಕ್ಷೆಗೆ ಅರ್ಜಿ ತುಂಬುವ ಹುಡುಗ ಹುಡುಗಿಯರು, ಲಗ್ನಪತ್ರಿಕೆ ಮಾಡಿಸುವವರು, ಹಾಲಿನ ಡೇರಿಯ ನೋಟಿಸು ಟೈಪ್ ಮಾಡಿಸುವವರು ಅವಳ ಗಿರಾಕಿಗಳು. ಒಂದು ದಿನ ಬೆಳಿಗ್ಗೆ ಅವಳಿಂದ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು, ಕೆಳಗೆ ವಾಯ್ಸ್ ಮೆಸೇಜು.

'ಲೋ ತಮ್ಮಾ, ಯಾವ ವೆಬ್‌ಸೈಟೂ ಓಪನ್ ಆಗ್ತಿಲ್ಲ ಕಣೋ. ಕೆಂಪು ತ್ರಿಕೋನ ಬರ್ತೈತೆ. ಅರ್ಜಿ ಹಾಕಕ್ಕೆ ಇವತ್ತೇ ಲಾಸ್ಟ್ ಡೇಟು, ನಾಕು ಜನ ಕಾಯ್ತಾವ್ರೆ.'

ನಾನು ಮೀಟಿಂಗಿನಲ್ಲಿದ್ದೆ. ಫೋಟೋವನ್ನು ದೊಡ್ಡದು ಮಾಡಿಯೂ ನೋಡದೆ ಟೈಪ್ ಮಾಡಿದೆ: 'ಫೋಟೋ ಬೇಡ ಅಕ್ಕ, ಸ್ಕ್ರೀನ್‌ಶಾಟ್ ಕಳ್ಸು. ಇದ್ರಲ್ಲಿ ಏನೂ ಕಾಣಲ್ಲ.'

ಮುಕ್ಕಾಲು ಗಂಟೆಯಾದ ಮೇಲೆ ಸ್ಕ್ರೀನ್‌ಶಾಟ್ ಬಂತು. ಪಕ್ಕದ ಮೊಬೈಲ್ ಅಂಗಡಿ ಹುಡುಗನ ಹತ್ತಿರ ಸ್ನಿಪ್ಪಿಂಗ್ ಟೂಲ್ ಬಳಸೋದು ಹೇಳಿಸಿಕೊಂಡು, ಎರರ್ ಮೆಸೇಜನ್ನಷ್ಟೇ ಅಂದವಾಗಿ ಕತ್ತರಿಸಿದ್ದಳು. ಇಂಟರ್ನೆಟ್ಟೇ ಸರಿಯಿಲ್ಲದ ಕಂಪ್ಯೂಟರಿನಿಂದ ಅದನ್ನು ಕಳಿಸುವುದಾದರೂ ಹೇಗೆ? ವಾಟ್ಸಾಪ್ ವೆಬ್ಬೂ ತೆರೆಯುತ್ತಿರಲಿಲ್ಲವಲ್ಲ. ಕೇಬಲ್ ಹುಡುಕಿ, ಫೈಲನ್ನು ಮೊಬೈಲಿಗೆ ಹಾಕಿಕೊಂಡು, ಅಲ್ಲಿಂದ ಕಳಿಸಿದ್ದಳು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಸಂಪರ್ಕ ಸುರಕ್ಷಿತವಲ್ಲ, ಯಾರೋ ನಿಮ್ಮ ಮಾಹಿತಿ ಕದಿಯಲು ನೋಡುತ್ತಿರಬಹುದು ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ನಾನು 'ವೈರಸ್ ಇರ್ಬಹುದು, ಯಾರಿಗಾದ್ರೂ ತೋರ್ಸು' ಅಂದು ಕೈತೊಳೆದುಕೊಂಡೆ. ಅವಳು ರಿಪೇರಿಯವನನ್ನು ಕರೆಸಿದಳು. ಅವನು ಆರುನೂರು ರೂಪಾಯಿ ತಗೊಂಡು ಫಾರ್ಮ್ಯಾಟ್ ಹೊಡೆದು ಹೋದ. ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದ ಲಗ್ನಪತ್ರಿಕೆ ಫೈಲುಗಳು, ಎರಡು ವರ್ಷದ ಉದ್ರಿ ಲೆಕ್ಕ, ಎಲ್ಲಾ ಹೋಯಿತು. ಕಾಯುತ್ತಿದ್ದ ನಾಲ್ವರಲ್ಲಿ ಮೂವರು ಬಸ್ಸು ಹತ್ತಿ ತಾಲ್ಲೂಕಿಗೆ ಹೋಗಿ ಅರ್ಜಿ ಹಾಕಿದರು. ನಾಲ್ಕನೆಯವಳಿಗೆ ಬಸ್ಸು ಸಿಗಲಿಲ್ಲ.

ಎರಡೇ ದಿನಕ್ಕೆ ಅದೇ ಕೆಂಪು ತ್ರಿಕೋನ ಮತ್ತೆ ಬಂತು. ಆ ಶನಿವಾರ ಊರಿಗೆ ಹೋದವನು ಅಂಗಡಿಯಲ್ಲಿ ಕೂತು ನೋಡಿದೆ. ಸ್ಕ್ರೀನಿನ ಬಲಗಡೆ ಕೆಳಮೂಲೆಯ ಗಡಿಯಾರದಲ್ಲಿ 01-01-2015 ಅಂತ ಇತ್ತು.

ಕಂಪ್ಯೂಟರ್ ಬಲ್ಲವರಿಗೆ ಉಳಿದದ್ದು ಹೇಳಬೇಕಿಲ್ಲ, ಆದರೂ ಹೇಳ್ತೀನಿ. ಮದರ್‌ಬೋರ್ಡಿನಲ್ಲಿ ಸಿಆರ್2032 ಅನ್ನೋ ಒಂದು ನಾಣ್ಯದಂಥ ಸೆಲ್ ಇರುತ್ತದೆ. ಕರೆಂಟು ಇಲ್ಲದಾಗ ಗಡಿಯಾರ ನಡೆಸುವುದು ಅದರ ಕೆಲಸ. ಅದು ಸತ್ತರೆ, ಪ್ಲಗ್ ತೆಗೆದು ಹಾಕಿದಾಗೆಲ್ಲ ತಾರೀಕು ಹಿಂದಕ್ಕೆ ಓಡುತ್ತದೆ. ಇತ್ತ ಪ್ರತಿ ಸುರಕ್ಷಿತ ವೆಬ್‌ಸೈಟಿಗೂ ಒಂದು ಸರ್ಟಿಫಿಕೇಟ್ ಇರುತ್ತದೆ, ಅದಕ್ಕೊಂದು ಶುರುವಿನ ತಾರೀಕು, ಒಂದು ಮುಗಿಯುವ ತಾರೀಕು. 2015ರಲ್ಲೇ ನಿಂತ ಕಂಪ್ಯೂಟರಿನ ಪಾಲಿಗೆ ಮೊನ್ನೆ ಕೊಟ್ಟ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ಹಾಗಾಗಿ ಎಲ್ಲಾ ವೆಬ್‌ಸೈಟೂ ಕಳ್ಳನಂತೆ ಕಂಡಿತ್ತು. ನಲವತ್ತು ರೂಪಾಯಿಯ ಸೆಲ್ ಹಾಕಿದೆ, ತಾರೀಕು ಸರಿ ಮಾಡಿದೆ, ಮುಗಿಯಿತು.

ಆಮೇಲೆ ಸುಮ್ಮನೆ ವಾಟ್ಸಾಪಿನಲ್ಲಿ ಹಿಂದಕ್ಕೆ ಹೋಗಿ ಅಕ್ಕ ಮೊದಲು ಕಳಿಸಿದ್ದ ಫೋಟೋ ತೆರೆದೆ. ಓರೆಯಾಗಿತ್ತು, ಪಟ್ಟೆ ಇತ್ತು, ಟ್ಯೂಬ್‌ಲೈಟೂ ಇತ್ತು. ಬಲಗಡೆ ಕೆಳಮೂಲೆಯಲ್ಲಿ, ಮಸುಕಾಗಿ, ಆದರೆ ಓದಬಹುದಾದ ಹಾಗೆ, 2015 ಕೂಡ ಇತ್ತು. ನಾನು ಕೇಳಿ ತರಿಸಿಕೊಂಡ ಅಚ್ಚುಕಟ್ಟಾದ ಸ್ಕ್ರೀನ್‌ಶಾಟಿನಲ್ಲಿ ಅದು ಇರಲಿಲ್ಲ. ಕತ್ತರಿಸಿ ಹೋಗಿತ್ತು.

ಅವತ್ತಿನಿಂದ ನಾನು ಯೋಚಿಸ್ತಾ ಇರೋದು ನಮ್ಮ ಈ 'ಸರಿಯಾದ ಸ್ಕ್ರೀನ್‌ಶಾಟ್' ಅನ್ನುವ ಕಲ್ಪನೆಯ ಬಗ್ಗೆ. ಅದು ಎಲ್ಲಿಂದ ಬಂತು, ಯಾರ ಅನುಕೂಲಕ್ಕೆ ಬಂತು ಅಂತ.

ಕೀಬೋರ್ಡಿನ ಮೇಲಿರುವ ಪ್ರಿಂಟ್ ಸ್ಕ್ರೀನ್ ಕೀಲಿಯ ಹೆಸರೇ ಒಂದು ಸಾಕ್ಷಿ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಅದು ಹೆಸರಿಗೆ ತಕ್ಕ ಹಾಗೇ ಕೆಲಸ ಮಾಡುತ್ತಿತ್ತು. ಶಿಫ್ಟ್ ಹಿಡಿದು ಒತ್ತಿದರೆ ಸ್ಕ್ರೀನ್ ಮೇಲಿನ ಅಕ್ಷರಗಳೆಲ್ಲ ಪ್ರಿಂಟರಿನಿಂದ ಕಾಗದದ ಮೇಲೆ ಇಳಿಯುತ್ತಿದ್ದವು. ವಿಂಡೋಸ್ ಬಂದಮೇಲೆ ಅದು ಇಡೀ ಸ್ಕ್ರೀನಿನ ಚಿತ್ರವನ್ನು ಕ್ಲಿಪ್‌ಬೋರ್ಡಿಗೆ ಹಾಕತೊಡಗಿತು. ಪೇಂಟ್ ತೆರೆದು ಪೇಸ್ಟ್ ಮಾಡಬೇಕಿತ್ತು. ಆಲ್ಟ್ ಜೊತೆ ಒತ್ತಿದರೆ ಒಂದೇ ಕಿಟಕಿ. 2007ರ ವಿಂಡೋಸ್ ವಿಸ್ತಾದಲ್ಲಿ ಸ್ನಿಪ್ಪಿಂಗ್ ಟೂಲ್ ಜನರ ಕೈಗೆ ಬಂತು, ಬೇಕಾದಷ್ಟೇ ತುಂಡು ಕತ್ತರಿಸಬಹುದಾಯಿತು. 2017ರ ಹೊತ್ತಿಗೆ ವಿಂಡೋಸ್-ಶಿಫ್ಟ್-ಎಸ್ ಒತ್ತಿದರೆ ಸಾಕು, ಕತ್ತರಿ ಕೈಯಲ್ಲೇ. 36 ವರ್ಷದಲ್ಲಿ ಇಡೀ ಸ್ಕ್ರೀನ್‌ನಿಂದ ಶುರುವಾದದ್ದು ಒಂದು ತುಂಡಿಗೆ ಬಂದು ನಿಂತಿದೆ. ಕತ್ತರಿಸುವುದು ಸುಲಭವಾದಷ್ಟೂ ಕತ್ತರಿಸಿ ಕಳಿಸುವುದೇ ಮರ್ಯಾದೆ ಅನ್ನಿಸಿಕೊಂಡಿತು.

ಇನ್ನು ಸಹಾಯ ಕೇಳುವ ರೀತಿಯ ಬಗ್ಗೆ ನಮ್ಮ ವೃತ್ತಿಯಲ್ಲಿ ಎರಡು ಬರಹಗಳು ಬಹಳ ಓಡಾಡಿವೆ. ಒಂದು, ಪುಟ್ಟಿ ತಂತ್ರಾಂಶ ಬರೆದ ಸೈಮನ್ ಟಾಥಮ್ 1999ರಲ್ಲಿ ಬರೆದದ್ದು, ದೋಷವನ್ನು ವರದಿ ಮಾಡುವುದು ಹೇಗೆ ಅನ್ನುವುದರ ಬಗ್ಗೆ. ಇನ್ನೊಂದು, ಎರಿಕ್ ರೇಮಂಡ್ 2001ರಲ್ಲಿ ಬರೆದದ್ದು, ಜಾಣತನದಿಂದ ಪ್ರಶ್ನೆ ಕೇಳುವುದರ ಬಗ್ಗೆ. ಎರಡನ್ನೂ ಹೊಸದಾಗಿ ಕೆಲಸಕ್ಕೆ ಸೇರಿದಾಗ ನನಗೆ ಓದಲು ಕೊಟ್ಟಿದ್ದರು. ರೇಮಂಡ್ ಹೊರೆಯನ್ನೆಲ್ಲ ಕೇಳುವವನ ತಲೆಗೆ ಕಟ್ಟುತ್ತಾನೆ: ಮೊದಲು ನೀನೇ ಹುಡುಕು, ಓದು, ಪ್ರಯತ್ನ ಮಾಡು, ಆಮೇಲೆ ಬಾ. ಟಾಥಮ್ ಹೆಚ್ಚು ಮೆದು. ಏನಾಯಿತು ಅನ್ನುವುದನ್ನು ಪ್ರೋಗ್ರಾಮರ್ ತನ್ನ ಕಣ್ಣಿಂದ ನೋಡುವ ಹಾಗೆ ಮಾಡು, ಎರರ್ ಮೆಸೇಜನ್ನು ಅಂಕಿ ಸಮೇತ ಹಾಗೇ ಹೇಳು ಅಂತಾನೆ. ಇನ್ನೊಂದು ಮುಖ್ಯವಾದ ಮಾತಿದೆ ಅವನದು: ಬರೀ ನಿನ್ನ ಊಹೆ ಹೇಳಬೇಡ, ಕಂಡ ಲಕ್ಷಣವನ್ನೂ ಹೇಳು.

ನಮ್ಮ ಆಫೀಸುಗಳ ನಿಯಮಗಳು ಈ ಎರಡರಿಂದ ಸೋಸಿ ಬಂದಂತಿವೆ. ಆದರೆ ಸೋಸುವಾಗ ಟಾಥಮ್‌ನ ಆ ಮಾತು ಬಿದ್ದುಹೋಗಿದೆ ಅಂತ ನನಗನ್ನಿಸುತ್ತದೆ. 'ಸಂಬಂಧಪಟ್ಟ ಭಾಗವನ್ನಷ್ಟೇ ಕ್ರಾಪ್ ಮಾಡಿ ಕಳಿಸಿ' ಅಂತೀವಲ್ಲ, ಯಾವುದು ಸಂಬಂಧಪಟ್ಟದ್ದು ಅಂತ ತೀರ್ಮಾನಿಸುವುದೇ ಊಹೆ. ಕ್ರಾಪ್ ಮಾಡುವವರು ಕಾಯಿಲೆ ಎಲ್ಲಿದೆ ಅಂತ ಆಗಲೇ ನಿರ್ಧರಿಸಿ ಆಗಿರುತ್ತದೆ. ಅದು ಗೊತ್ತಿದ್ದರೆ ಅವರು ನಮ್ಮ ಹತ್ತಿರ ಯಾಕೆ ಬರುತ್ತಿದ್ದರು? ಅಕ್ಕನಿಗೆ ಕೆಂಪು ತ್ರಿಕೋನ ಕಾಯಿಲೆಯಾಗಿ ಕಂಡಿತು, ಅದನ್ನು ಕತ್ತರಿಸಿ ಕಳಿಸಿದಳು. ಗಡಿಯಾರ ಕಾಯಿಲೆ ಅಂತ ಅವಳಿಗೆ ಹೊಳೆಯುವ ಹಾಗಿರಲಿಲ್ಲ. ಹೊಳೆಯಬೇಕಾದವನು ನಾನು, ನಾನು ಅದನ್ನೇ ತೆಗೆಸಿಹಾಕಿದೆ.

ಇದನ್ನು ಓದಿ 'ಹಾಗಾದರೆ ಇನ್ನುಮುಂದೆ ಎಲ್ಲಾ ಫೋಟೋ ಹೊಡೆದೇ ಕಳಿಸಿ' ಅಂತ ಹೇಳ್ತಿದ್ದೀನಿ ಅಂದುಕೊಳ್ಳಬೇಡಿ. ಅಕ್ಷರವನ್ನು ಅಕ್ಷರವಾಗಿಯೇ ಕಳಿಸಿ ಅನ್ನುವ ನಿಯಮಕ್ಕೆ ಗಟ್ಟಿ ಕಾರಣಗಳಿವೆ. ಚಿತ್ರದೊಳಗಿನ ಎರರ್ ಮುಂದಿನ ವರ್ಷ ಹುಡುಕಿದರೆ ಸಿಗುವುದಿಲ್ಲ. ಉದ್ದನೆಯ ಕೋಡನ್ನು ನೋಡಿ ನೋಡಿ ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೆ ಕಥೆಯೇ ಬೇರೆ. ಜಾವಾದಲ್ಲಿ ಕೆಲಸ ಮಾಡುವವರಿಗೆ ಗೊತ್ತು, ಎರರ್ ಬಂದಾಗ ಐವತ್ತು ಅರವತ್ತು ಸಾಲು ಉಗುಳುತ್ತದೆ, ನಿಜವಾದ ಕಾರಣ 'ಕಾಸ್ಡ್ ಬೈ' ಅಂತ ಎಲ್ಲೋ ತಳದಲ್ಲಿ ಇರುತ್ತದೆ. ಸ್ಕ್ರೀನ್‌ಶಾಟಿನಲ್ಲಿ ಮೇಲಿನ ಮೂವತ್ತು ಸಾಲು ಬಂದಿರುತ್ತದೆ, ಬೇಕಾದ ಸಾಲು ಸ್ಕ್ರೀನಿನ ಕೆಳಗೆ ಉಳಿದಿರುತ್ತದೆ. ಅಂದರೆ ಇಲ್ಲೂ ತೊಂದರೆ ಅದೇ, ಚೌಕಟ್ಟಿನ ಹೊರಗೆ ಉಳಿದದ್ದು.

ಅದಕ್ಕೆ ಸುಲಭದ ದಾರಿಗಳೂ ಇವೆ, ನಾವು ಹೇಳಿಕೊಡಲ್ಲ ಅಷ್ಟೆ. ವಿಂಡೋಸಿನ ಮಾಮೂಲಿ ಮೆಸೇಜ್ ಬಾಕ್ಸ್ ಬಂದಾಗ ಅದರ ಮೇಲೆ ಕಂಟ್ರೋಲ್-ಸಿ ಒತ್ತಿದರೆ ಒಳಗಿನ ಬರಹವೆಲ್ಲ ಕಾಪಿ ಆಗುತ್ತದೆ. ಎಷ್ಟೋ ವರ್ಷದಿಂದ ಇದೆ ಇದು. ನಮ್ಮ ಟೀಮಿನಲ್ಲಿ ಕೇಳಿದರೆ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಒತ್ತಿ ಸಣ್ಣದು ಮಾಡುತ್ತದೆ, ಅಕ್ಷರದ ಅಂಚು ಹರಡಿಕೊಳ್ಳುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಬರುತ್ತದೆ. ಇನ್ನು ಫೋಟೋದಿಂದ ಅಕ್ಷರ ಎತ್ತಿಕೊಡುವ ಕೆಲಸವನ್ನು ಈಗ ಗೂಗಲ್ ಲೆನ್ಸ್ ಮಾಡುತ್ತದೆ, ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲೂ 2023ರಿಂದ ಮಾಡುತ್ತಿದೆ. ಅಂದಮೇಲೆ 'ಚಿತ್ರದಿಂದ ಕಾಪಿ ಮಾಡಕ್ಕಾಗಲ್ಲ' ಅನ್ನುವ ನಮ್ಮ ಗೊಣಗಾಟಕ್ಕೆ ಮೊದಲಿನ ಬಲ ಇಲ್ಲ. ಆ ಕೆಲಸ ನಾವೇ ಮಾಡಿಕೊಳ್ಳಬಹುದು.

ಅಕ್ಕನಂಥವರು ಚಿತ್ರವನ್ನೇ ಯಾಕೆ ನಂಬುತ್ತಾರೆ ಅನ್ನುವುದಕ್ಕೆ ಕನ್ನಡದ್ದೇ ಒಂದು ಕಾರಣವೂ ಇದೆ. ಬರಹ ತಂತ್ರಾಂಶ ಬಂದದ್ದು 1998ರಲ್ಲಿ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಆ ಕಾಲದ ಫಾಂಟುಗಳಲ್ಲಿ ಕನ್ನಡದ ಒತ್ತು, ಕೊಂಬುಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಕನ್ನಡ ಮಾಯ. ತಲೆಯ ಮೇಲೆ ಗೀಟು ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ರಾಶಿ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟೂ ಬಂತು. ಆದರೆ ಪೇಜ್‌ಮೇಕರ್ ನಂಬಿದ ಡಿಟಿಪಿ ಅಂಗಡಿಗಳು ಹಳೇ ಫಾಂಟನ್ನು ಬಿಡಲಾಗಲಿಲ್ಲ. ಅಕ್ಕ ಲಗ್ನಪತ್ರಿಕೆಯ ಬರಹವನ್ನು ಕಾಪಿ ಮಾಡಿ ಗಿರಾಕಿಗೆ ವಾಟ್ಸಾಪ್ ಮಾಡಿದರೆ ವರನ ಹೆಸರೇ ಕೆಟ್ಟುಹೋಗುತ್ತದೆ. ಅದೇ ಚಿತ್ರ ಮಾಡಿ ಕಳಿಸಿದರೆ ಒಂದು ಒತ್ತಕ್ಷರವೂ ಅಲುಗುವುದಿಲ್ಲ. ಅಕ್ಷರ ಕೈಕೊಡುತ್ತದೆ, ಚಿತ್ರ ಕೊಡಲ್ಲ ಅಂತ ಇಪ್ಪತ್ತು ವರ್ಷದ ಅನುಭವ ಅವಳಿಗೆ ಕಲಿಸಿದೆ. ಅಂಥವಳಿಗೆ 'ಟೆಕ್ಸ್ಟ್ ಕಳ್ಸು' ಅಂದರೆ ನಾವು ಅವಳ ಅನುಭವಕ್ಕೆ ಉಲ್ಟಾ ಹೇಳಿದ ಹಾಗೆ.

ಮೇಲಾಗಿ ಎರರ್ ಬರುವುದು ಇಂಗ್ಲಿಷಿನಲ್ಲಿ. ಅಕ್ಕ ಅಕ್ಷರ ಓದುತ್ತಾಳೆ, ಆದರೆ 'ಯಾರೋ ಕದಿಯುತ್ತಿರಬಹುದು' ಅನ್ನುವಂಥ ವಾಕ್ಯ ನೋಡಿದ ಕೂಡಲೇ ಗಾಬರಿಯಾಗುತ್ತಾಳೆ. ವಿಂಡೋಸನ್ನು ಕನ್ನಡಕ್ಕೆ ತಿರುಗಿಸಿಕೊಳ್ಳಬಹುದು, ನಿಜ. ಆಗ ಎರರ್ ಕನ್ನಡದಲ್ಲಿ ಬರುತ್ತದೆ, ಆದರೆ ಅದನ್ನು ಗೂಗಲ್ ಮಾಡಿದರೆ ಉತ್ತರ ಸಿಗುವುದು ಕಷ್ಟ, ಏಕೆಂದರೆ ಉತ್ತರಗಳೆಲ್ಲ ಇಂಗ್ಲಿಷ್ ಎರರಿಗೆ ಬರೆದವು. ಎರಡೂ ಭಾಷೆಗೆ ಸೇರದ ಅಂಕಿ ಮಾತ್ರ ಎಲ್ಲಾ ಕಡೆ ಒಂದೇ. ಸೊನ್ನೆ-ಎಕ್ಸ್ ಆದಮೇಲೆ 80070005 ಅಂತ ಬಂದರೆ ಅನುಮತಿ ಇಲ್ಲ ಅಂತ ಅರ್ಥ, ಟೋಕಿಯೋದಲ್ಲೂ ಅಷ್ಟೇ, ನಮ್ಮ ಹೋಬಳಿಯಲ್ಲೂ ಅಷ್ಟೇ. ಒಳ್ಳೆಯ ತಂತ್ರಾಂಶ ಇದಕ್ಕಿಂತಲೂ ಮುಂದೆ ಹೋಗುತ್ತದೆ. ಈಗಿನ ಕ್ರೋಮ್‌ನಂಥ ಬ್ರೌಸರು ಗಡಿಯಾರ ಹಿಂದಿದೆ ಅಂತ ಗುರುತಿಸಿದರೆ ಅದನ್ನೇ ನೇರವಾಗಿ ಹೇಳುತ್ತದೆ. ಅಕ್ಕನ ಹಳೇ ಕಂಪ್ಯೂಟರಿನ ಹಳೇ ಬ್ರೌಸರ್ ಹೇಳಲಿಲ್ಲ. ಅರ್ಧ ಸ್ಕ್ರೀನ್‌ಶಾಟುಗಳು ಹುಟ್ಟುವುದೇ ನಮ್ಮಂಥವರು ಸರಿಯಾದ ಎರರ್ ಮೆಸೇಜ್ ಬರೆಯದೇ ಇರುವುದರಿಂದ. ಆಮೇಲೆ ನಾವೇ ಆ ಸ್ಕ್ರೀನ್‌ಶಾಟ್ ನೋಡಿ ನಗ್ತೀವಿ.

ಇಡೀ ಸ್ಕ್ರೀನ್ ಕಳಿಸಿ ಅನ್ನುವುದರಲ್ಲಿ ಅಪಾಯ ಇಲ್ಲವೇ? ಇದೆ. ಅಕ್ಕನ ಆ ಫೋಟೋದಲ್ಲಿ ಗಡಿಯಾರದ ಜೊತೆಗೆ ಕೀಬೋರ್ಡಿನ ಪಕ್ಕ ಯಾರದೋ ಆಧಾರ್ ಜೆರಾಕ್ಸೂ ಇತ್ತು, ನಂಬರ್ ಸಮೇತ. ನನಗೆ ಬಂದದ್ದರಿಂದ ಸರಿಹೋಯಿತು. ಐವತ್ತು ಜನರ ಗ್ರೂಪಿಗೆ ಹೋಗಿದ್ದರೆ? ಕತ್ತರಿಸಿದರೂ ಪೂರ್ತಿ ನಿಶ್ಚಿಂತೆ ಇಲ್ಲ. 2023ರ ಮಾರ್ಚಿನಲ್ಲಿ 'ಎಕ್ರೊಪ್ಯಾಲಿಪ್ಸ್' ಅನ್ನುವ ದೋಷ ಬಯಲಾಯಿತು. ಗೂಗಲ್ ಪಿಕ್ಸೆಲ್ ಫೋನಿನ ಚಿತ್ರ ತಿದ್ದುವ ಸಾಧನ, ಕತ್ತರಿಸಿದ ಚಿತ್ರವನ್ನು ಹಳೇ ಫೈಲಿನ ಮೇಲೇ ಬರೆಯುವಾಗ ಹಳೆಯದರ ಬಾಲವನ್ನು ಅಳಿಸದೆ ಬಿಡುತ್ತಿತ್ತು. ಹಾಗಾಗಿ ಕತ್ತರಿಸಿ ತೆಗೆದೆವು ಅಂದುಕೊಂಡ ಭಾಗವನ್ನು ಬೇರೆಯವರು ಮತ್ತೆ ಹೊರತೆಗೆಯಬಹುದಿತ್ತು. ವಿಂಡೋಸಿನ ಸ್ನಿಪ್ಪಿಂಗ್ ಟೂಲಿನಲ್ಲೂ ಅದೇ ಬಗೆಯ ತಪ್ಪು ಸಿಕ್ಕಿತು. ಇಬ್ಬರೂ ಸರಿಪಡಿಸಿದರು, ಆದರೆ ಅಷ್ಟರಲ್ಲಿ ಹೊರಗೆ ಹೋದ ಚಿತ್ರಗಳು ಹೋದವೇ.

ಇನ್ನೊಂದು ತುದಿಯಲ್ಲಿ ಬ್ಯಾಂಕ್ ಆಪ್‌ಗಳಿವೆ. ಹೆಚ್ಚಿನವು ಸ್ಕ್ರೀನ್‌ಶಾಟ್ ತೆಗೆಯಲು ಬಿಡುವುದೇ ಇಲ್ಲ, ತೆಗೆದರೆ ಕಪ್ಪು ಚೌಕ ಬರುತ್ತದೆ. ಸುರಕ್ಷತೆಗೆ ಅದು ಸರಿಯೇ. ಆದರೆ ದುಡ್ಡು ಸಿಕ್ಕಿಹಾಕಿಕೊಂಡು ಗಾಬರಿಯಾದವರಿಗೆ ಉಳಿಯುವ ದಾರಿ ಎರಡು. ಇನ್ನೊಬ್ಬರ ಫೋನಿನಿಂದ ಫೋಟೋ ಹೊಡೆಯುವುದು, ಇಲ್ಲಾ 'ಈ ಆಪ್ ಹಾಕಿಕೊಳ್ಳಿ, ನಾನೇ ನಿಮ್ಮ ಸ್ಕ್ರೀನ್ ನೋಡ್ತೀನಿ' ಅನ್ನುವ ಅಪರಿಚಿತನನ್ನು ನಂಬುವುದು. ದೂರದಿಂದ ಫೋನನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಇಂಥ ಆಪ್ ಮೂಲಕ ಹಣ ದೋಚುವ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ಮನೆಯಲ್ಲಿ ಕಂಪ್ಯೂಟರ್ ಬಲ್ಲವನು 'ಏನೂ ಕಾಣಲ್ಲ' ಅಂದು ಕೈಬಿಟ್ಟರೆ, ತಾಳ್ಮೆಯಿಂದ ಮಾತಾಡುವ ಕಳ್ಳನ ಹತ್ತಿರವೇ ಜನ ಹೋಗೋದು. ಅವನು ಯಾವತ್ತೂ ಫೋಟೋ ಓರೆಯಾಗಿದೆ ಅಂತ ಬೈಯುವುದಿಲ್ಲ.

ಹಾಗಾಗಿ ನಾನೀಗ ನಿಯಮಗಳನ್ನು ಕೇಳುವವರಿಗಲ್ಲ, ನನಗೇ ಹಾಕಿಕೊಂಡಿದ್ದೀನಿ. ಯಾವ ರೂಪದಲ್ಲಿ ಬಂದರೂ ಮೊದಲು ಚಿತ್ರವನ್ನು ದೊಡ್ಡದು ಮಾಡಿ ನಾಲ್ಕೂ ಮೂಲೆ ನೋಡೋದು: ಗಡಿಯಾರ, ಅಡ್ರೆಸ್ ಬಾರ್, ವೈಫೈ ಗುರುತು, ಹಿಂದೆ ತೆರೆದಿರುವ ಕಿಟಕಿ. ಆಮೇಲೆ 'ಇದಕ್ಕೆ ಮುಂಚೆ ಏನು ಮಾಡಿದ್ರಿ' ಅಂತ ಕೇಳೋದು, ಯಾಕೆಂದರೆ ಅದು ಯಾವ ಚಿತ್ರದಲ್ಲೂ ಬರಲ್ಲ. ಸಾಲದಿದ್ದರೆ ಎರಡು ಚಿತ್ರ ಕೇಳೋದು, ಒಂದು ಇಡೀ ಸ್ಕ್ರೀನಿನದು, ಒಂದು ಹತ್ತಿರದ್ದು. ನಂಬರ್ ಏನಾದರೂ ಇದ್ದರೆ ದಪ್ಪ ಕಪ್ಪು ಪಟ್ಟಿಯಿಂದ ಮುಚ್ಚಿ ಅಂತ ಹೇಳೋದು. ಹೈಲೈಟರ್ ಗೀಚಿದರೆ ಕೆಳಗಿನದು ಓದಬಹುದು. ಕೆಲಸ ಮುಗಿದ ಮೇಲೆ ಚಿತ್ರವನ್ನು ಇಬ್ಬರೂ ಅಳಿಸೋದು. ಟೆಕ್ಸ್ಟ್ ಬೇಕಾದರೆ ಕಂಟ್ರೋಲ್-ಸಿ ಹೇಳಿಕೊಡೋದು, ಬೈಯದೆ. ಇಷ್ಟಕ್ಕೆ ಐದು ನಿಮಿಷ ಬೇಕು. ಅವತ್ತು ನಾನು ಉಳಿಸಿಕೊಂಡದ್ದೂ ಅಷ್ಟೇ ಸಮಯ.

ಅರ್ಜಿ ಹಾಕಲಾಗದೆ ಹೋದ ಆ ಹುಡುಗಿ ಮುಂದಿನ ಸಲ ಹಾಕಿದಳಂತೆ, ಅಕ್ಕನ ಅಂಗಡಿಯಲ್ಲೇ. ಅಕ್ಕ ದುಡ್ಡು ತಗೊಳ್ಳಲಿಲ್ಲವಂತೆ. ಇದನ್ನು ಅವಳು ಹೇಳಿದ್ದು ಬೇರೆ ಏನೋ ಮಾತಾಡುವಾಗ, ನನ್ನ ಮೇಲೆ ಯಾವ ದೂರೂ ಇಲ್ಲದೆ. ನನ್ನ ಮೆಸೇಜನ್ನು ಅವಳು ಮರೆತಿರಬಹುದು. ನನ್ನ ಫೋನಿನಲ್ಲಿ ಅದು ಇನ್ನೂ ಇದೆ, ಆ ಫೋಟೋದ ಕೆಳಗೇ: 'ಇದ್ರಲ್ಲಿ ಏನೂ ಕಾಣಲ್ಲ.'

ಮೊನ್ನೆ ಮತ್ತೆ ಒಂದು ಫೋಟೋ ಬಂತು, ಪ್ರಿಂಟರಿನದು. ಈ ಸಲವೂ ಓರೆ, ಈ ಸಲವೂ ಟ್ಯೂಬ್‌ಲೈಟು. ಜೊತೆಗೆ ವಾಯ್ಸ್ ಮೆಸೇಜು: 'ಲೋ, ಗಡಿಯಾರ ಸರಿಯಾಗೈತೆ, ನಾನೇ ನೋಡ್ದೆ. ಬೇರೆ ಏನೋ ಐತೆ, ನೋಡು.'

ನೋಡಿದೆ. ಪೇಪರ್ ಟ್ರೇ ಪೂರ್ತಿ ಒಳಗೆ ಹೋಗಿರಲಿಲ್ಲ. ಅದು ಕಂಡದ್ದು ಫೋಟೋದ ಎಡಗಡೆ ಅಂಚಿನಲ್ಲಿ.